ಲೇಕ್ ಮುಂಗೋ: ನೀರಿಲ್ಲದ ಕೆರೆ, 40,000 ವರ್ಷದ ಜಗಳ

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಕೆರೆ ಕಣ್ರೀ. ಒಂದು ಹನಿ ನೀರಿಲ್ಲ, ಬರೀ ಬೂದು ಬಣ್ಣದ ಕುರುಚಲು ಗಿಡ, ಆ ಕಡೆ ದಂಡೆಯಲ್ಲಿ ಬೆಳ್ಳಗೆ ಎದ್ದಿರೋ ಮರಳು ದಿಬ್ಬ, ಅಷ್ಟೇ. ಆದ್ರೂ ಮ್ಯಾಪಲ್ಲಿ ಇದು ಆಸ್ಟ್ರೇಲಿಯಾದ ಲೇಕ್ ಮುಂಗೋ. ಮೆಲ್ಬೋರ್ನ್‌ನಿಂದ ಮಿಲ್ಡೂರಾ ಅನ್ನೋ ಊರಿಗೆ ಹೆಚ್ಚುಕಮ್ಮಿ 540 ಕಿಲೋಮೀಟರ್, ಅಲ್ಲಿಂದ ಇನ್ನೊಂದು ನೂರು ಚಿಲ್ರೆ, ಅದ್ರಲ್ಲೂ ಮಣ್ಣು ರಸ್ತೆ ಬೇರೆ, ಕ್ಯಾಮೆರಾ ಅಲ್ಲಾಡಿರೋದಕ್ಕೆ ಬೈಕೋಬೇಡಿ. ನೀರು ಬತ್ತಿ ಹದಿನೈದು ಸಾವಿರ ವರ್ಷದ ಮೇಲಾಗಿದೆ, ಹಾಗಾಗಿ ಬೋಟಿಂಗ್ ಇದ್ಯಾ ಅಂತ ಕಾಮೆಂಟಲ್ಲಿ ಕೇಳೋರಿಗೆ ಈಗ್ಲೇ ಹೇಳ್ಬಿಡ್ತೀನಿ, ಇಲ್ಲ.

ಈ ದಿಬ್ಬ ನೋಡಿ, ಬರೀ ಪೂರ್ವದ ದಂಡೆಯಲ್ಲಿ ಮಾತ್ರ ಇದೆ, ಅರ್ಧಚಂದ್ರನ ಆಕಾರ. ಇದಕ್ಕೆ ಲುನೆಟ್ ಅಂತಾರೆ. ಗಾಳಿ ಪಶ್ಚಿಮದಿಂದ ಬೀಸೋದು, ಕೆರೆ ತುಂಬಿದ್ದಾಗ ಅಲೆ ತಂದು ಹಾಕಿದ ಶುದ್ಧ ಮರಳು ಹಾರಿ ಬಂದು ಇಲ್ಲಿ ಗುಡ್ಡೆ ಬಿತ್ತು, ಕೆರೆ ಒಣಗ್ತಾ ಉಪ್ಪಾದಾಗ ತಳದ ಜೇಡಿ ಮಣ್ಣು ಒಡೆದು ಸಣ್ಣ ಸಣ್ಣ ಕಾಳಾಗಿ ಅದರ ಮೇಲೆ ಬಂದು ಕೂತ್ಕೊಂಡ್ತು. ಅಂದ್ರೆ ದಿಬ್ಬ ಕೊರೆದು ಪದರ ನೋಡಿದ್ರೆ ಯಾವಾಗ ನೀರಿತ್ತು, ಯಾವಾಗ ಬರ ಇತ್ತು ಅಂತ ಓದ್ಬಹುದು. ಕೊರೆಯೋ ಕೆಲ್ಸ ಯಾರೂ ಮಾಡ್ಬೇಕಾಗಿರ್ಲಿಲ್ಲ, 19ನೇ ಶತಮಾನದಲ್ಲಿ ಇಲ್ಲಿ ಬಿಟ್ಟ ಕುರಿಗಳು, ಆಮೇಲೆ ಮೊಲಗಳು ಸೇರಿ ಹುಲ್ಲೆಲ್ಲ ಮೇಯ್ದು ಮುಗಿಸಿ, ಮಿಕ್ಕಿದ್ದನ್ನ ಗಾಳಿ ಮಳೆ ನೋಡ್ಕೊಂಡ್ವು. 1869ರ ಉಣ್ಣೆ ಕತ್ತರಿಸೋ ಶೆಡ್ ಇನ್ನೂ ನಿಂತಿದೆ, ಆಮೇಲೆ ತೋರಿಸ್ತೀನಿ.

1968ರಲ್ಲಿ ಇದನ್ನ ಓದೋಕೆ ಬಂದವರು ಜಿಮ್ ಬೌಲರ್, ಭೂವಿಜ್ಞಾನಿ. ಅವ್ರಿಗೆ ಬೇಕಿದ್ದಿದ್ದು ಹಿಮಯುಗದಲ್ಲಿ ಇಲ್ಲಿ ಮಳೆ ಹೇಗಿತ್ತು ಅನ್ನೋದು, ಮನುಷ್ಯರ ಸುದ್ದಿ ಅಲ್ಲ. ಮಣ್ಣಿಂದ ಸುಟ್ಟ ಮೂಳೆ ಹೊರಗೆ ಕಾಣ್ತಿತ್ತು. ಮುಂದಿನ ವರ್ಷ ಪುರಾತತ್ವದವರನ್ನ ಕರ್ಕೊಂಡು ಬಂದ್ರು, ಅದು ಮನುಷ್ಯರದೇ ಅಂತ ಗೊತ್ತಾಯ್ತು, ಮತ್ತೆ ನಂಬ್ತೀರೋ ಇಲ್ವೋ, ಅದನ್ನ ಕ್ಯಾನ್‌ಬೆರಾಗೆ ತಗೊಂಡು ಹೋಗಿದ್ದು ಜಾನ್ ಮಲ್ವನಿ ಅನ್ನೋ ಪ್ರೊಫೆಸರ್ ಅವರ ಸೂಟ್‌ಕೇಸಲ್ಲಿ. ಬಟ್ಟೆ ಇಡೋ ಸೂಟ್‌ಕೇಸು!

ಅಲ್ಲಿ ಆಲನ್ ಥಾರ್ನ್ ಅನ್ನೋರು ಚೂರು ಚೂರಾಗಿದ್ದ ಮೂಳೆ ಜೋಡಿಸಿದ್ರು. ಒಬ್ಬ ಹೆಂಗಸು, ಈಗ ಮುಂಗೋ ಲೇಡಿ ಅಂತಾರೆ. ಹೆಣ ಸುಟ್ಟಿದ್ದಾರೆ, ಉಳಿದ ಮೂಳೆ ಕುಟ್ಟಿ ಪುಡಿ ಮಾಡಿದ್ದಾರೆ, ಮತ್ತೊಂದ್ಸಲ ಸುಟ್ಟಿದ್ದಾರೆ, ಆಮೇಲೆ ಹೂತಿದ್ದಾರೆ. ಪ್ರಪಂಚದಲ್ಲಿ ಇಲ್ಲಿತನಕ ಗೊತ್ತಿರೋ ಅತಿ ಹಳೇ ಶವದಹನ ಇದೇ. ಸಂಚಯನದ ದಿನ ಬೂದಿಯಲ್ಲಿ ಕೈ ಹಾಕಿ ಅಪ್ಪನ ಅಸ್ಥಿ ಆರಿಸಿರೋ ನನ್ನಂಥವರಿಗೆ ಇದು ಕೇಳಿದ್ರೆ ಹೊಟ್ಟೆಯೊಳಗೆ ಏನೋ ಆಗುತ್ತೆ, ಮ್ಯೂಸಿಯಂ ಸಾಮಾನು ಅನ್ಸೋದೇ ಇಲ್ಲ.

1974ರಲ್ಲಿ ಮಳೆ ಆದ್ಮೇಲೆ ಅದೇ ಬೌಲರ್‌ಗೆ ಇನ್ನೊಬ್ರು ಸಿಕ್ಕಿದ್ರು, ಮುಂಗೋ ಮ್ಯಾನ್. ವಯಸ್ಸಾದ ಗಂಡಸು, ಮೊಣಕೈಯಲ್ಲಿ ಸಂಧಿವಾತ, ಅಂಗಾತ ಮಲಗಿಸಿ ಕೈ ಎರಡೂ ಜೋಡಿಸಿ ಮೈ ಮೇಲೆ ಕೆಂಪು ಕಾವಿ ಮಣ್ಣು ಉದುರಿಸಿದ್ದಾರೆ. ಆ ಕಾವಿ ಇಲ್ಲಿ ಸುತ್ತಮುತ್ತ ಸಿಗಲ್ಲ, ದೂರದಿಂದ ಹೊತ್ತು ತಂದಿದ್ದು.

ಇನ್ನು ಜಗಳಕ್ಕೆ ಬರೋಣ. 1999ರಲ್ಲಿ ಥಾರ್ನ್ ಅವರ ಟೀಮ್ ಮುಂಗೋ ಮ್ಯಾನ್‌ಗೆ 62,000 ವರ್ಷ ಅಂತು. ಬೌಲರ್ ಒಪ್ಪಲಿಲ್ಲ, ಆ ವಯಸ್ಸಿಗೂ ದಿಬ್ಬದ ಪದರಕ್ಕೂ ತಾಳೆ ಆಗಲ್ಲ ಅನ್ನೋದು ಅವ್ರ ವಾದ. 2003ರಲ್ಲಿ ಬೇರೆ ಬೇರೆ ಲ್ಯಾಬ್‌ಗಳಲ್ಲಿ ಮರಳಿನ ವಯಸ್ಸು ಅಳೆಸಿ ಇಬ್ಬರಿಗೂ ಸುಮಾರು 40,000 ವರ್ಷ ಅಂತ ಪ್ರಕಟಿಸಿದ್ರು. ಅಳೆಯೋದು ಹೇಗೆ ಅಂದ್ರೆ, ಮರಳಿನ ಕಾಳು ಬಿಸಿಲಲ್ಲಿದ್ದಾಗ ಅದರ ಗಡಿಯಾರ ಸೊನ್ನೆ ಆಗುತ್ತೆ, ಮಣ್ಣಡಿ ಹೂತು ಹೋದ್ಮೇಲೆ ಸುತ್ತಲಿನ ವಿಕಿರಣದಿಂದ ಸ್ವಲ್ಪ ಸ್ವಲ್ಪವೇ ಶಕ್ತಿ ಕೂಡಿಟ್ಕೊಳ್ಳುತ್ತೆ, ಲ್ಯಾಬಲ್ಲಿ ಅದ್ರ ಮೇಲೆ ಬೆಳಕು ಬಿಟ್ರೆ ಕೂಡಿಟ್ಟಿದ್ದನ್ನೆಲ್ಲ ಮಿಣುಕು ಬೆಳಕಾಗಿ ಕಕ್ಕುತ್ತೆ. ಅದನ್ನ ಅಳೆದ್ರೆ ಕೊನೇ ಸಲ ಸೂರ್ಯನ್ನ ನೋಡಿದ್ದು ಯಾವಾಗ ಅಂತ ಲೆಕ್ಕ ಸಿಗುತ್ತೆ. ಅದಕ್ಕೇ ಸ್ಯಾಂಪಲ್ ತೆಗೆಯೋವಾಗ ಪೈಪ್ ಬಡಿದು ಒಳಗೆ ಬೆಳಕು ಬೀಳದ ಹಾಗೆ ಮುಚ್ಚಿ ತಗೊಂಡು ಹೋಗ್ತಾರೆ, ಒಂದು ಕ್ಷಣ ಬಿಸಿಲು ತಾಗಿದ್ರೂ ಕೆಲ್ಸ ಕೆಟ್ಟಿತು.

22,000 ವರ್ಷದ ವ್ಯತ್ಯಾಸಕ್ಕೆ ಕಿತ್ತಾಡಿದ ಇವ್ರು ಯಾರೂ ಮೊದಲು ಒಂದು ಕೆಲ್ಸ ಮಾಡಿರ್ಲಿಲ್ಲ, ಮೂಳೆ ತಗೊಂಡು ಹೋಗೋಕೆ ಮುಂಚೆ ಇಲ್ಲಿಯ ಮೂಲನಿವಾಸಿಗಳಾದ ಪಾಕಂಜಿ, ಮುತ್ತಿ ಮುತ್ತಿ, ಙಿಯಂಪಾ ಜನರನ್ನ ಕೇಳಿರ್ಲಿಲ್ಲ. ಮುತ್ತಿ ಮುತ್ತಿ ಹಿರಿಯಜ್ಜಿ ಆಲಿಸ್ ಕೆಲ್ಲಿ ಥರದವರು ವರ್ಷಗಟ್ಲೆ ಬೆನ್ನು ಬಿದ್ದ ಮೇಲೆ 1992ರಲ್ಲಿ ಮುಂಗೋ ಲೇಡಿ ವಾಪಸ್ ಬಂದ್ರು. ಎಲ್ಲಿಟ್ರು ಗೊತ್ತಾ, ಎರಡು ಬೀಗದ ಕೈ ಇರೋ ಒಂದು ಕೋಣೆಯಲ್ಲಿ, ಒಂದು ಕೈ ಹಿರಿಯರ ಹತ್ರ, ಇನ್ನೊಂದು ವಿಜ್ಞಾನಿಗಳ ಹತ್ರ. ನಂಗೆ ಇಡೀ ಕಥೆಯಲ್ಲಿ ತುಂಬ ಇಷ್ಟ ಆಗಿದ್ದು ಇದೇ, ಎರಡೂ ಕಡೆಯವರು ಒಟ್ಟಿಗೆ ಬರದೇ ಬಾಗಿಲು ತೆಗೆಯೋ ಹಾಗಿಲ್ಲ. ಮುಂಗೋ ಮ್ಯಾನ್ ಬಂದಿದ್ದು 2017ರಲ್ಲಿ, ಸಾವಿರಾರು ವರ್ಷ ಹಳೇ ರೆಡ್ ಗಮ್ ಮರದ ಪೆಟ್ಟಿಗೆಯಲ್ಲಿ, ಶವದ ಗಾಡಿಯಲ್ಲಿ, ದಾರಿ ಉದ್ದಕ್ಕೂ ಊರಿನವರು ನಿಂತು ಕಳಿಸಿಕೊಟ್ರು. 2022ರಲ್ಲಿ ಇಬ್ಬರನ್ನೂ ಮತ್ತೆ ಮಣ್ಣು ಮಾಡಿದ್ರು, ಜಾಗ ಎಲ್ಲಿ ಅಂತ ಹೊರಗಿನವ್ರಿಗೆ ಹೇಳಿಲ್ಲ. ಮಾಡಿದ ರೀತಿಗೆ ಅವ್ರ ಜನರಲ್ಲೇ ಕೆಲವರಿಗೆ ಅಸಮಾಧಾನ ಇತ್ತು, ನಾಳೆ ಹೊಸ ಟೆಸ್ಟ್ ಬಂದ್ರೆ ಏನ್ಮಾಡೋದು ಅಂತ ಕೆಲವು ವಿಜ್ಞಾನಿಗಳೂ ಗೊಣಗಿದ್ರು. ಟೆಸ್ಟ್ ಕಳ್ಕೊಂಡಿದ್ದು ನಷ್ಟನೇ, ಇಲ್ಲ ಅನ್ನಲ್ಲ. ಆದ್ರೆ ಮನೆಯವರು ಬೇಡ ಅಂದ್ಮೇಲೆ ಮುಗೀತು ಅನ್ಸುತ್ತೆ ನಂಗೆ.

ಕೇಳಿ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇಲ್ಲೇ ಇದೆ. 2003ರಲ್ಲಿ ಮೇರಿ ಪ್ಯಾಪಿನ್ ಜೂನಿಯರ್ ಅನ್ನೋ ಮುತ್ತಿ ಮುತ್ತಿ ಹುಡುಗಿ ಸುಮಾರು 20,000 ವರ್ಷದ ಹೆಜ್ಜೆ ಗುರುತು ಕಂಡುಹಿಡಿದ್ಳು, ಒಟ್ಟು ನೂರಾರು. ಒಂದು ಸಾಲಲ್ಲಿ ಒಂದೇ ಕಾಲಿನ ಗುರುತು, ಇನ್ನೊಂದು ಕಾಲು ಇಲ್ವೇ ಇಲ್ಲ. ಮರುಭೂಮಿ ಕಡೆಯಿಂದ ಪಿಂಟುಪಿ ಅನ್ನೋ ಮೂಲನಿವಾಸಿ ಜನರನ್ನ ಕರೆಸಿದ್ರು, ಹೆಜ್ಜೆ ನೋಡಿ ಬೇಟೆ ಹಿಡಿಯೋದ್ರಲ್ಲಿ ಎತ್ತಿದ ಕೈ ಅವ್ರು, ಒಂಟಿ ಕಾಲಿನವನು ಕುಪ್ಪಳಿಸಿಕೊಂಡು ಹೋಗಿದಾನೆ ಅಂತ ಹೇಳಿದ್ರು. ಎಲ್ಲ ಅಳತೆ ತಗೊಂಡು ಗುರುತುಗಳನ್ನ ಮತ್ತೆ ಮರಳಲ್ಲಿ ಮುಚ್ಚಿಟ್ಟಿದ್ದಾರೆ, ವಿಸಿಟರ್ ಸೆಂಟರಲ್ಲಿ ನೋಡೋಕೆ ಸಿಗೋದು ಅಚ್ಚು.

ಬರೋರಿದ್ರೆ ಒಂದೆರಡು ವಿಷ್ಯ. ದಿಬ್ಬದ ಮೇಲೆ ಹಲಗೆ ದಾರಿ ದಾಟಿ ಹೋಗ್ಬೇಕಂದ್ರೆ ಮೂಲನಿವಾಸಿ ರೇಂಜರ್ ಥರದ ಗೈಡ್ ಜೊತೆ ಟೂರ್ ಬುಕ್ ಮಾಡ್ಲೇಬೇಕು. ಪೆಟ್ರೋಲ್, ನೀರು ಮಿಲ್ಡೂರಾದಲ್ಲೇ ತುಂಬಿಸ್ಕೊಳ್ಳಿ. ಮಳೆ ಬಂದ್ರೆ ರಸ್ತೆ ಬಂದ್ ಮಾಡ್ತಾರೆ, ಹೊರಡೋ ಮುಂಚೆ ಚೆಕ್ ಮಾಡಿ. ಸರಿ, ಈಗ ಆ ಕುರಿ ಶೆಡ್ ಕಡೆ ಹೋಗೋಣ ಬನ್ನಿ.