ಅನುಮಾನ ಜಾಸ್ತಿ, ಎಚ್ಚರ ಕಮ್ಮಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಸರ್ವಾಧಿಕಾರಿಗಳ ಅನುಮಾನದ ಬಗ್ಗೆ.

1941ರ ಜೂನ್ 17ನೇ ತಾರೀಕು ಸ್ಟಾಲಿನ್ ಟೇಬಲ್ ಮೇಲೆ ಒಂದು ವರದಿ ಬಂತು. ಬರ್ಲಿನ್‌ನಲ್ಲಿ ಜರ್ಮನ್ ವಾಯುಪಡೆಯ ಹೆಡ್‌ಕ್ವಾರ್ಟರ್ಸ್ ಒಳಗೇ ಕೂತಿದ್ದ ಗೂಢಚಾರ ಕಳಿಸಿದ ಸುದ್ದಿ ಅದು, ಸೋವಿಯತ್ ಒಕ್ಕೂಟದ ಮೇಲೆ ದಾಳಿಗೆ ಜರ್ಮನರ ತಯಾರಿ ಪೂರ್ತಿ ಮುಗಿದಿದೆ, ಯಾವ ಗಳಿಗೆಯಲ್ಲಿ ಬೇಕಾದ್ರೂ ಬರ್ತಾರೆ ಅಂತ. ಸ್ಟಾಲಿನ್ ಅದರ ಮೇಲೆ ಕೈಯಾರೆ ಬರೆದ ಷರಾ ಇದೆಯಲ್ಲ, ಅದನ್ನ ರೇಡಿಯೋದಲ್ಲಿ ಓದೋ ಹಾಗಿಲ್ಲ, ತಾಯಿ ಹೆಸರು ಎತ್ತಿ ಬೈದಿದ್ದ. ಬೈಗುಳ ಬಿಟ್ರೆ ಉಳಿಯೋದು ಇಷ್ಟು, ಇವನು ಸುದ್ದಿ ಕೊಡೋನಲ್ಲ, ದಾರಿ ತಪ್ಪಿಸೋನು. ಐದು ದಿನ ಕಳೀತು, ಜೂನ್ 22ರ ಬೆಳಗಿನ ಜಾವ 30 ಲಕ್ಷಕ್ಕೂ ಜಾಸ್ತಿ ಸೈನಿಕರು ಗಡಿ ದಾಟಿದ್ರು. ಆ ಒಂದೇ ದಿನ ಸೋವಿಯತ್ ಕಡೆಯ ಸಾವಿರಕ್ಕೂ ಹೆಚ್ಚು ವಿಮಾನ ಹೋದವು, ಅದರಲ್ಲಿ ಬಹುಪಾಲು ಹಾರಲೇ ಇಲ್ಲ, ನಿಂತ ಜಾಗದಲ್ಲೇ ಸುಟ್ಟುಹೋದವು.

ಈಗ ನನಗೆ ಅರ್ಥ ಆಗದೇ ಇದ್ದದ್ದು ಏನಪ್ಪಾ ಅಂದ್ರೆ, ಸ್ಟಾಲಿನ್ ಸುಮ್ಮಸುಮ್ಮನೆ ಯಾರನ್ನೂ ನಂಬೋ ಆಸಾಮಿ ಅಲ್ಲ. ಇದಕ್ಕೆ ಕೆಲವು ವರ್ಷ ಮುಂಚೆ, 1937-39ರಲ್ಲಿ, ತನ್ನದೇ ಸೈನ್ಯದ ಐದು ಜನ ಮಾರ್ಷಲ್‌ಗಳಲ್ಲಿ ಮೂರು ಜನರನ್ನ ದ್ರೋಹಿಗಳು ಅಂತ ಮುಗಿಸಿಬಿಟ್ಟಿದ್ದ, ಸಾವಿರಾರು ಆಫೀಸರ್‌ಗಳು ಜೈಲಿಗೋ ಗುಂಡಿಗೋ ಹೋಗಿದ್ರು. ಇಷ್ಟೆಲ್ಲಾ ಅನುಮಾನ ಇಟ್ಕೊಂಡಿದ್ದೋನು ಹಿಟ್ಲರ್ ಹತ್ರ ಹೇಗೆ ಮೋಸ ಹೋದ?

ನನಗನಿಸೋದು, ಅನುಮಾನ ಬೇರೆ, ಎಚ್ಚರ ಬೇರೆ. ಎಚ್ಚರ ಇರೋನು ಬಂದ ಸುದ್ದಿನ ಚೆಕ್ ಮಾಡ್ತಾನೆ. ಅನುಮಾನ ಹತ್ತಿದೋನು ಸುದ್ದಿ ತಂದೋನ್ನ ಹಿಡ್ಕೊಳ್ತಾನೆ, ಇವನು ಯಾರ ಕಡೆಯವನು, ಇವನಿಗೆ ಇದರಿಂದ ಏನು ಲಾಭ ಅಂತ. ಏಪ್ರಿಲ್‌ನಲ್ಲಿ ಚರ್ಚಿಲ್ ಎಚ್ಚರಿಕೆ ಕಳಿಸಿದ್ರೆ, ಇಂಗ್ಲೆಂಡಿನೋರಿಗೆ ನಮ್ಮನ್ನ ಯುದ್ಧಕ್ಕೆ ಎಳೀಬೇಕು ಅಷ್ಟೇ ಅಂದ. ಟೋಕಿಯೋದಿಂದ ತನ್ನದೇ ಗೂಢಚಾರ ರಿಚರ್ಡ್ ಜೋರ್ಗೆ ಸುದ್ದಿ ಕಳಿಸಿದ್ರೆ ಅದಕ್ಕೂ ಬೆಲೆ ಇಲ್ಲ. ಬ್ರಿಟನ್ ಇನ್ನೂ ಸೋತಿಲ್ಲ, ಎರಡೂ ಕಡೆ ಯುದ್ಧ ಮಾಡೋಕೆ ಹಿಟ್ಲರ್ ಏನು ಹುಚ್ಚನಾ ಅನ್ನೋದು ಅವನ ಲೆಕ್ಕ, ಲೆಕ್ಕದಲ್ಲಿ ತರ್ಕ ಇರಲಿಲ್ಲ ಅಂತಲ್ಲ, ಆದ್ರೆ ಆ ಲೆಕ್ಕ ತಪ್ಪು ಅಂತ ಎದುರಿಗೆ ನಿಂತು ಹೇಳೋಕೆ ಯಾರೂ ಉಳಿದಿರಲಿಲ್ಲ.

ಯಾಕೆ ಉಳಿದಿರಲಿಲ್ಲ ಅಂತ ಒಂದೇ ಒಂದು ಕುರ್ಚಿ ನೋಡಿದ್ರೆ ಸಾಕು. ಸೈನ್ಯದ ಬೇಹುಗಾರಿಕೆಯ ಮುಖ್ಯಸ್ಥನ ಕುರ್ಚಿ. ಅಲ್ಲಿ ಕೂತಿದ್ದ ಬೆರ್ಜಿನ್‌ಗೆ 1938ರಲ್ಲಿ ಗುಂಡು, ಉರಿಟ್ಸ್ಕಿಗೂ ಅದೇ ವರ್ಷ ಗುಂಡು, ಪ್ರೊಸ್ಕುರೋವ್‌ನ 1940ರಲ್ಲಿ ಕೆಳಗಿಳಿಸಿ ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಗುಂಡು. ಆಮೇಲೆ ಬಂದೋನು ಗೋಲಿಕೋವ್. 1941ರ ಮಾರ್ಚ್‌ನಲ್ಲಿ ಅವನು ಕೊಟ್ಟ ವರದಿಯಲ್ಲಿ ಜರ್ಮನರ ಪ್ಲಾನ್ ಬಗ್ಗೆ ಬಂದಿದ್ದ ಮಾಹಿತಿ ಚೆನ್ನಾಗೇ ಇತ್ತು, ಆದ್ರೆ ಕೊನೆಗೆ ಒಂದು ತೀರ್ಮಾನ ಅಂಟಿಸಿದ್ದ, ಈ ದಾಳಿ ಮಾತೆಲ್ಲ ಬ್ರಿಟಿಷರೋ ಇಲ್ಲಾ ಜರ್ಮನರೇನೋ ಹಬ್ಬಿಸ್ತಿರೋ ಸುಳ್ಳು ಅಂತ. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ. ಅವನನ್ನ ನಾನು ಬೈಯಲ್ಲ, ಆ ಕುರ್ಚಿಯಲ್ಲಿ ಕೂತು ಬದುಕೋಕೆ ಅದೊಂದೇ ದಾರಿ ಇತ್ತು, ಬದುಕಿದ, 1961ರಲ್ಲಿ ಮಾರ್ಷಲ್ ಕೂಡ ಆದ.

ಒಂದು ಮಾತು ಒಪ್ಕೋಬೇಕು, ಸರ್ವಾಧಿಕಾರಿಗಳ ಈ ಭಯ ಬರೀ ಹುಚ್ಚಲ್ಲ. 1946ರಿಂದ 2008ರವರೆಗೆ ಕಾನೂನು ಬಿಟ್ಟು ಬೇರೆ ದಾರಿಯಲ್ಲಿ ಅಧಿಕಾರ ಕಳ್ಕೊಂಡ ಸರ್ವಾಧಿಕಾರಿಗಳ ಲೆಕ್ಕ ತೆಗೆದ್ರೆ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಜನರನ್ನ ಇಳಿಸಿದ್ದು ಒಳಗಿನೋರೇ, ಜೊತೆಯಲ್ಲೇ ಇದ್ದ ಜನರಲ್‌ಗಳು, ಮಂತ್ರಿಗಳು. ಬೀದಿಗಿಳಿದ ಜನ ಇಳಿಸಿದ್ದು ತುಂಬಾ ಕಮ್ಮಿ. ಹಾಗಾಗಿ ಪಕ್ಕದಲ್ಲಿರೋನ ಮೇಲೆ ಕಣ್ಣಿಡೋದು ತಪ್ಪಲ್ಲ, ಆದ್ರೆ ಇರೋ ಎರಡು ಕಣ್ಣೂ ಅಲ್ಲೇ ಇಟ್ರೆ ಹೊರಗೆ ನೋಡೋರು ಯಾರು?

ಸದ್ದಾಂ ಹುಸೇನ್ ವಿಷಯದಲ್ಲಿ ಆಗಿದ್ದು ನಿಖರವಾಗಿ ಇದೇ. 2003ರಲ್ಲಿ ಅಮೆರಿಕದ ಸೈನ್ಯ ಕುವೈತ್‌ನಲ್ಲಿ ಬಂದು ಕೂತಿದೆ, ಇಡೀ ಪ್ರಪಂಚಕ್ಕೆ ಕಾಣ್ತಿದೆ, ಆದ್ರೂ ಸದ್ದಾಂಗೆ ದೊಡ್ಡ ಭಯ ತನ್ನ ಸೈನ್ಯದ ದಂಗೆದು, ಆಮೇಲೆ 1991ರಲ್ಲಿ ಆದ ಹಾಗೆ ಜನ ಮತ್ತೆ ಎದ್ದುಬಿಟ್ರೆ ಅಂತ, ಆಗ ಇರಾಕಿನ 18 ಪ್ರಾಂತ್ಯದಲ್ಲಿ 14 ಕೈಬಿಟ್ಟು ಹೋಗಿದ್ವು. ಅದಕ್ಕೇ ರಿಪಬ್ಲಿಕನ್ ಗಾರ್ಡ್‌ನಂಥ ಒಳ್ಳೆ ಪಡೆಯನ್ನೂ ಬಾಗ್ದಾದ್ ಊರೊಳಗೆ ಬಿಡ್ತಿರಲಿಲ್ಲ, ಪಕ್ಕದ ತುಕಡಿ ಎಲ್ಲಿದೆ ಅಂತ ಕಮಾಂಡರ್‌ಗಳು ಒಬ್ಬರಿಗೊಬ್ಬರು ಮಾತಾಡ್ಕೊಳ್ಳೋ ಹಾಗಿರಲಿಲ್ಲ, ಇದೆಲ್ಲದರ ಉಸ್ತುವಾರಿ ಮಗ ಕುಸೇ ಕೈಯಲ್ಲಿ. ಶತ್ರು ಬರೋ ದಾರಿಯ ಸೇತುವೆಗಳನ್ನ ಒಡೀಬೇಕಿತ್ತಲ್ಲ, ಒಡೀಲಿಲ್ಲ, ಯಾಕಂದ್ರೆ ಜನ ದಂಗೆ ಎದ್ರೆ ಅದನ್ನ ಹತ್ತಿಕ್ಕೋಕೆ ಸೈನ್ಯ ಓಡಾಡಬೇಕು ಅನ್ನೋ ಲೆಕ್ಕ. ದಂಗೆ ಆಗದ ಹಾಗೆ ನೋಡ್ಕೊಳ್ಳೋಕೆ ಆ ಸೈನ್ಯವನ್ನ ಚೆನ್ನಾಗೇ ಜೋಡಿಸಿದ್ದ, ಆದ್ರೆ ಯುದ್ಧ ಬಂದಾಗ ಅದು ಕೈಕೊಡ್ತು. ಮೂರು ವಾರದಲ್ಲಿ ಬಾಗ್ದಾದ್ ಬಿತ್ತು.

ಇನ್ನು ರುಮೇನಿಯಾದ ಚೌಷೆಸ್ಕು. ಇವನಿಗೆ ಸುದ್ದಿ ತರೋಕೆ ಸೆಕ್ಯುರಿಟಾಟೆ ಅನ್ನೋ ಭಯಂಕರ ಗುಪ್ತ ಪೊಲೀಸ್ ಇತ್ತು. 1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿದ್ದಿದೆ, ಅದೇ ತಿಂಗಳು ಇವನ ಪಾರ್ಟಿ ಕಾಂಗ್ರೆಸ್ ಇವನನ್ನೇ ಮತ್ತೆ ಆರಿಸಿ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಡಿಸೆಂಬರ್‌ನಲ್ಲಿ ಟಿಮಿಶೊವಾರಾ ಊರಲ್ಲಿ ಪ್ರತಿಭಟನೆ, ಗೋಲಿಬಾರ್, ಸಾವು ಎಲ್ಲಾ ಆಯ್ತು, ಇವನು ಮಾರನೇ ದಿನ ಇರಾನ್ ಪ್ರವಾಸಕ್ಕೆ ಹೊರಟ! ವಾಪಸ್ ಬಂದು 21ನೇ ತಾರೀಕು ಬುಕಾರೆಸ್ಟ್‌ನಲ್ಲಿ ದೊಡ್ಡ ಸಭೆ ಇಟ್ಟ, ಫ್ಯಾಕ್ಟರಿಗಳಿಂದ ಜನರನ್ನ ಕರೆಸಿ ನಿಲ್ಲಿಸಿದ್ರು, ಟೀವಿಯಲ್ಲಿ ನೇರ ಪ್ರಸಾರ ಬೇರೆ. ಜನ ನನ್ನ ಕಡೆ ಇದಾರೆ ಅಂತ ದೇಶಕ್ಕೆ ತೋರಿಸೋಣ ಅಂತ ಅವನ ಪ್ಲಾನ್. ಭಾಷಣ ಶುರುವಾಗಿ ಸ್ವಲ್ಪ ಹೊತ್ತಿಗೆ ಹಿಂದಿನ ಕಡೆಯಿಂದ ಗದ್ದಲ, ಕೂಗು. ಆ ವಿಡಿಯೋ ಇವತ್ತಿಗೂ ಸಿಗುತ್ತೆ, ಬಿಡುವಾದಾಗ ನೋಡಿ, ಅವನ ಮುಖ ನೋಡಬೇಕು. ಮೊದಲು ಸಿಟ್ಟೂ ಬರಲ್ಲ, ಭಯಾನೂ ಬರಲ್ಲ, ಏನಿದು ಅಂತ ಅರ್ಥಾನೇ ಆಗಲ್ಲ. ಕೈ ಎತ್ತಿ ಹಲೋ ಹಲೋ ಅಂತಾನೆ, ಲೈನ್ ಕಟ್ ಆದ ಫೋನ್ ಹಿಡಿದೋರ ಹಾಗೆ. ಪಕ್ಕದಲ್ಲಿ ಹೆಂಡತಿ ಎಲೆನಾ, ಸುಮ್ನಿರಿ ಸುಮ್ನಿರಿ ಅಂತಿದಾಳೆ. ಆಮೇಲೆ ಸಂಬಳ ಜಾಸ್ತಿ ಮಾಡ್ತೀನಿ ಅಂದ. ಮಾರನೇ ದಿನ ಹೆಲಿಕಾಪ್ಟರ್ ಹತ್ತಿ ಓಡಿಹೋದ, 25ನೇ ತಾರೀಕು ಗಂಡಹೆಂಡತಿ ಇಬ್ಬರಿಗೂ ಗುಂಡು. ಅವನೇ ಕರೆದ ಸಭೆ, ಅವನೇ ಹಾಕಿಸಿದ ಕ್ಯಾಮೆರಾ, ಅದನ್ನ ಯೋಚಿಸಿ. 24 ವರ್ಷ ಚಪ್ಪಾಳೆ ತಟ್ಟಿದೋರು ನಿಜವಾಗ್ಲೂ ಏನಂದ್ಕೊಂಡಿದಾರೆ ಅಂತ ತಿಳ್ಕೊಳ್ಳೋ ದಾರಿನ ಅವನೇ ಮುಚ್ಚಿದ್ದ.

ಹತ್ತಿರದ ಕಾಲದ್ದು ಬೇಕಾದ್ರೆ 2022ರ ಫೆಬ್ರವರಿ 21. ಕ್ರೆಮ್ಲಿನ್‌ನ ದೊಡ್ಡ ಹಾಲ್, ಪುಟಿನ್ ಒಬ್ಬನೇ ಒಂದು ಮೇಜಿನ ಹಿಂದೆ, ಭದ್ರತಾ ಮಂಡಳಿಯೋರೆಲ್ಲ ದೂರದಲ್ಲಿ ಕುರ್ಚಿ ಹಾಕ್ಕೊಂಡು. ವಿದೇಶಿ ಬೇಹುಗಾರಿಕೆ ಮುಖ್ಯಸ್ಥ ನರಿಶ್ಕಿನ್ ತಡವರಿಸ್ತಿದಾನೆ, ಪುಟಿನ್ ನೇರವಾಗಿ ಮಾತಾಡಿ ಅಂತ ಗದರಿದ, ಇವನು ಗಾಬರಿಯಲ್ಲಿ ಉಕ್ರೇನಿನ ಡೊನೆಟ್ಸ್ಕ್, ಲುಹಾನ್ಸ್ಕ್ ಪ್ರದೇಶಗಳನ್ನ ರಷ್ಯಾಕ್ಕೆ ಸೇರಿಸ್ಕೊಳ್ಳೋದಕ್ಕೆ ನನ್ನ ಬೆಂಬಲ ಅಂದುಬಿಟ್ಟ, ಅದಲ್ಲ ಕಣ್ರೀ ವಿಷಯ, ಅವುಗಳಿಗೆ ಸ್ವತಂತ್ರ ದೇಶ ಅಂತ ಮಾನ್ಯತೆ ಕೊಡೋದು ಅಂತ ಪುಟಿನ್ ತಿದ್ದಿದ. ಮೂರು ದಿನಕ್ಕೆ ಯುದ್ಧ. ಕೀವ್ ಬೇಗ ಕೈಗೆ ಬರುತ್ತೆ ಅಂತ ಹೊರಟ ಸೈನ್ಯ ಏಪ್ರಿಲ್ ಮೊದಲ ವಾರಕ್ಕೆ ಅಲ್ಲಿಂದ ಜಾಗ ಖಾಲಿ ಮಾಡ್ತು. ಉಕ್ರೇನ್ ಜನ ತಿರುಗಿ ಹೊಡೀತಾರೆ ಅಂತ ಆ ಹಾಲ್‌ನಲ್ಲಿ ಯಾರಿಗಾದ್ರೂ ಅನಿಸಿದ್ರೂ, ಹೇಳೋ ವಾತಾವರಣ ಅದಾಗಿತ್ತಾ ನೀವೇ ಹೇಳಿ.

ಹಾಗಂತ ಪ್ರಜಾಪ್ರಭುತ್ವದೋರು ಎಡವಲ್ಲ ಅಂತೇನಿಲ್ಲ, ಇರಾಕಿನಲ್ಲಿ ಇಲ್ಲದ ಅಸ್ತ್ರ ಹುಡುಕ್ಕೊಂಡು ಹೋದೋರು ಯಾರು ಅಂತ ಎಲ್ಲರಿಗೂ ಗೊತ್ತು. ಆದ್ರೆ ಅಲ್ಲಿ ಆಮೇಲೆ ವಿಚಾರಣೆ ಆಗುತ್ತೆ, ಪತ್ರಿಕೆಯೋರು ಬಿಡಲ್ಲ, ತಪ್ಪು ಹೇಳಿದೋನ ತಲೆ ಹೋಗಲ್ಲ.

ಅದಕ್ಕೇ ಸರ್ವಾಧಿಕಾರ ಇರೋ ದೇಶಗಳ ಸುದ್ದಿ ಬಂದಾಗ ನಾನು ಭಾಷಣಕ್ಕಿಂತ ಜಾಸ್ತಿ ಯಾರನ್ನ ತೆಗೆದ್ರು, ಆ ಜಾಗಕ್ಕೆ ಯಾರು ಬಂದ್ರು ಅನ್ನೋದನ್ನ ನೋಡ್ತೀನಿ. 1959ರ ಜುಲೈನಲ್ಲಿ ಚೀನಾದ ಲೂಶಾನ್ ಸಭೆಯಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹ್ವಾಯ್ ಮಾವೋಗೆ ಒಂದು ಖಾಸಗಿ ಪತ್ರ ಬರೆದ. ಹಿಂದಿನ ವರ್ಷ ತನ್ನೂರಿನ ಕಡೆ ಹೋಗಿದ್ದಾಗ, ಗಂಡಾಳೆಲ್ಲ ಮಾವೋನ ಉಕ್ಕು ಹೆಚ್ಚಿಸೋ ಯೋಜನೆಗೆ ಕಬ್ಬಿಣ ಕರಗಿಸೋಕೆ ಹೋಗಿ ಬೆಳೆ ಹೊಲದಲ್ಲೇ ಹಾಳಾಗ್ತಿದ್ದದ್ದನ್ನ ಕಣ್ಣಾರೆ ನೋಡಿದ್ದ, ಇಳುವರಿ ಲೆಕ್ಕ ಉಬ್ಬಿಸಿ ಹೇಳ್ತಿದಾರೆ ಅಂತ ಗೌರವದಿಂದಾನೇ ಬರೆದಿದ್ದ. ಮಾವೋ ಆ ಪತ್ರನ ಪ್ರಿಂಟ್ ಹಾಕಿಸಿ ಸಭೆಯೋರಿಗೆಲ್ಲ ಹಂಚಿಸಿದ, ಪೆಂಗ್‌ನ ಪಕ್ಷ ವಿರೋಧಿ ಅಂದ, ಸೆಪ್ಟೆಂಬರ್‌ನಲ್ಲಿ ಆ ಕುರ್ಚಿಗೆ ಲಿನ್ ಬ್ಯಾವೊ ಬಂದ. ಅಲ್ಲಿಂದ ಮೇಲೆ ಯಾವ ಜಿಲ್ಲೆಯ ಅಧಿಕಾರಿಗೆ ಧಾನ್ಯ ಇಲ್ಲ ಅಂತ ಬರೆಯೋ ಧೈರ್ಯ ಬರುತ್ತೆ? ಸುಳ್ಳು ಇಳುವರಿ ಲೆಕ್ಕದ ಮೇಲೇ ರೈತರ ಹತ್ರ ಧಾನ್ಯ ಎತ್ತಿದ್ರು, ಹೊರದೇಶಕ್ಕೆ ರಫ್ತೂ ಮಾಡಿದ್ರು. ಹಾಗೆ ಬಂದ ಬರಗಾಲದಲ್ಲಿ ಸತ್ತೋರ ಸಂಖ್ಯೆ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಅಂತ ಬೇರೆಬೇರೆ ಇತಿಹಾಸಕಾರರು ಅಂದಾಜು ಹಾಕ್ತಾರೆ.

ಕೇಳಿದ್ದಕ್ಕೆ ಥ್ಯಾಂಕ್ಸ್, ನಮಸ್ಕಾರ.