ಹೊಸ್ತಿಲು ಎಲ್ಲಿದೆ ಅಂತ ಮೊದಲು ಹೇಳಿ

ನಮಸ್ಕಾರ. ಚಿಕ್ಕಮಗಳೂರಲ್ಲಿ ಈಗ ಎಲ್ಲಿ ಹೋದರೂ ಒಂದೇ ಮಾತು, ಹೂಮಳೆ, ಅಂದರೆ ಕಾಫಿ ಮೊಗ್ಗು ಬಿರಿಸುವ ಮಳೆ. ಮೂಡಿಗೆರೆ ಕಡೆ ಕಾಫಿ ತೋಟ ಇರುವ ನಮ್ಮ ಮಾವ ನಿನ್ನೆ ಫೋನ್ ಮಾಡಿ, "80 ಸೆಂಟ್ಸ್ ಬಿತ್ತು ಕಣೋ, ಸಾಕು" ಅಂದರು. ನೂರು ಸೆಂಟ್ಸ್ ಅಂದರೆ ಒಂದು ಇಂಚು. ಪಕ್ಕದ ತೋಟದವರು ಒಂದು ಇಂಚು ಆಗದೆ ಸಾಲಲ್ಲ ಅಂತಾರಂತೆ. ಮಾವನಿಗೆ ಮೊಗ್ಗು ಬಿರಿದರೆ ಸಾಕು, ಅವರಿಗೆ ಕಾಯಿ ಕಚ್ಚಬೇಕು. ಇಬ್ಬರೂ ಸರಿ, ಅಲ್ವಾ?

ನನ್ನ ಲೇಸರ್ ಕೆಲಸದಲ್ಲೂ ಇದೇ ಜಗಳ. ಆಪ್ಟಿಕಲ್ ಫೈಬರಿಗೆ, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಗೆ, ಸ್ವಲ್ಪ ಬೆಳಕು ಬಿಟ್ಟರೆ ಏನೂ ತೊಂದರೆ ಇಲ್ಲ. ಜಾಸ್ತಿ ಮಾಡುತ್ತಾ ಹೋದರೆ ಗಾಜಿನೊಳಗೆ ಶಬ್ದದ ಅಲೆ ಏಳುತ್ತದೆ, ಆ ಅಲೆ ಕನ್ನಡಿ ಥರ ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ, ಹಾಗೆ ವಾಪಸ್ ಹೊರಟ ಬೆಳಕು ಒಳಗೆ ಬರುವ ಬೆಳಕಿನ ಜೊತೆ ಸೇರಿ ಅದೇ ಅಲೆಗೆ ಇನ್ನಷ್ಟು ಬಲ ಕೊಡುತ್ತದೆ. ಇದು ಬ್ರಿಲುವಾ ಚದುರಿಕೆ. ಉದ್ದನೆಯ ಫೈಬರಿನಲ್ಲಿ ಕೆಲವೇ ಮಿಲಿವ್ಯಾಟ್ ಸಾಕು. ನಮ್ಮ ರಾಮನ್ ಹೆಸರಿನ ಚದುರಿಕೆ ಹೀಗೆ ಏಳಬೇಕಾದರೆ ಸುಮಾರು ಒಂದು ವ್ಯಾಟ್ ಬೇಕು.

ಸರಿ, ಇದು ಶುರುವಾಗುವ ಹೊಸ್ತಿಲು, ಅಂದರೆ ಥ್ರೆಶೋಲ್ಡ್, ಎಷ್ಟು? ಅಳೆಯಲು ಕೂತೆ. 25 ಕಿಲೋಮೀಟರ್ ಫೈಬರ್ ಸುರುಳಿ, 1550 ನ್ಯಾನೋಮೀಟರ್ ಲೇಸರ್, ವಾಪಸ್ ಬಂದದ್ದನ್ನು ಬೇರೆ ಮಾಡಲು ಒಂದು ಸರ್ಕ್ಯುಲೇಟರ್, ಕೊನೆಗೆ ಪವರ್ ಮೀಟರ್. ಮೊದಲ ದಿನ ಪೂರ್ತಿ ಹಾಳಾಯಿತು. ಫೈಬರಿನ ಆ ತುದಿಯನ್ನು ನೇರವಾಗಿ ಕತ್ತರಿಸಿ ಬಿಟ್ಟಿದ್ದೆ, ಅಲ್ಲಿಂದಲೇ ಸುಮಾರು ಶೇಕಡಾ 4ರಷ್ಟು ಬೆಳಕು ಸುಮ್ನೆ ವಾಪಸ್ ಬರುತ್ತದೆ. ಓರೆ ತುದಿಯ ಕನೆಕ್ಟರ್ ಹಾಕಿದ ಮೇಲೆ ಮೀಟರಿನ ಅಂಕಿ ನೆಲಕ್ಕಿಳಿಯಿತು. ಆಮೇಲೆ ನಿಧಾನವಾಗಿ ಪವರ್ ಏರಿಸಿದೆ. ಸ್ವಲ್ಪ ಹೊತ್ತು ಗ್ರಾಫಿನ ಗೆರೆ ನೆಟ್ಟಗೆ ಹೋಯಿತು, 6 ಮಿಲಿವ್ಯಾಟ್ ಹತ್ತಿರ ಬಗ್ಗಿ ಮೇಲಕ್ಕೆದ್ದಿತು. ಕಳಿಸಿದ್ದರಲ್ಲಿ ಶೇಕಡಾ 1 ವಾಪಸ್ ಬಂದಾಗ 7. ಆಚೆ ತುದಿಯಲ್ಲಿ ಹೊರಬಿದ್ದಷ್ಟೇ ವಾಪಸ್ಸೂ ಬರುವಷ್ಟರಲ್ಲಿ 9 ದಾಟಿತ್ತು. ಮೂರನ್ನೂ ಜನ ಥ್ರೆಶೋಲ್ಡ್ ಅಂತಲೇ ಬರೆಯುತ್ತಾರೆ.

ಥ್ರೆಶೋಲ್ಡ್ ಲೆಕ್ಕ ಹಾಕಲು 1972ರಲ್ಲಿ ಆರ್. ಜಿ. ಸ್ಮಿತ್ ಕೊಟ್ಟ ಸೂತ್ರವನ್ನು ಎಲ್ಲರೂ ಬಳಸುತ್ತಾರೆ, ಅದರಲ್ಲಿ 21 ಅನ್ನುವ ಅಂಕಿ ಬರುತ್ತದೆ. ಅದು ಪ್ರಕೃತಿ ಕೊಟ್ಟ ಅಂಕಿ ಅಲ್ಲ. ಹೊಸ್ತಿಲನ್ನು ಇಲ್ಲಿ ಇಡೋಣ ಅಂತ ತೀರ್ಮಾನಿಸಿದ್ದರಿಂದ ಬಂದದ್ದು. ಇನ್ನು ಲೇಸರಿನ ಅಗಲ, ಅಂದರೆ ಅದರ ಬೆಳಕಿನ ಆವರ್ತನ ಎಷ್ಟು ಹರಡಿದೆ ಅನ್ನುವುದು ಬೇರೆ ಇದೆ. ಗಾಜಿನ ಈ ಸ್ಪಂದನೆ ಹತ್ತಾರು ಮೆಗಾಹರ್ಟ್ಸ್ ಅಗಲ ಮಾತ್ರ, ಲೇಸರ್ ಅದಕ್ಕಿಂತ ಅಗಲವಾದರೆ ಥ್ರೆಶೋಲ್ಡ್ ಮೇಲಕ್ಕೆ ಹೋಗುತ್ತದೆ. ಇದನ್ನು ಹೇಳದೆ ಬರೀ ಒಂದು ಅಂಕಿ ಕೊಟ್ಟರೆ ಇನ್ನೊಬ್ಬರು ಅದನ್ನು ನಂಬಿ ಆಂಪ್ಲಿಫೈಯರ್ ಕಟ್ಟಿ ಸುಟ್ಟುಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ನನ್ನ ಹಳೇ ರಿಪೋರ್ಟಿನಲ್ಲೂ "ಥ್ರೆಶೋಲ್ಡ್ 7" ಅಂತಷ್ಟೇ ಇತ್ತು. ಹೋದ ವಾರ ತಿದ್ದಿದೆ. ಈಗ ಅದರ ಪಕ್ಕದಲ್ಲಿ ಶೇಕಡಾ 1ರ ಲೆಕ್ಕ, ಫೈಬರಿನ ಉದ್ದ, ಲೇಸರಿನ ಅಗಲ, ತುದಿಗೆ ಹಾಕಿದ ಕನೆಕ್ಟರ್, ಎಲ್ಲ ಇದೆ. ಗ್ರಾಫ್ ಕೂಡ ಪೂರ್ತಿ ಹಾಕಿದ್ದೇನೆ.