ಪ್ಲಫ್ ಅಲ್ಲ ಕಣೋ, ಪ್ಲೌ

ಹೋದ ಭಾನುವಾರ ಊರಿಗೆ ಹೋಗಿದ್ದೆ. ಮಂಡ್ಯದಿಂದ ಅಕ್ಕನೂ ಮಗನನ್ನು ಕರೆದುಕೊಂಡು ಬಂದಿದ್ದಳು. ಹುಡುಗ ಆರನೇ ಕ್ಲಾಸು. ಎಲ್ಲರೂ ಬಾಡೂಟ ಮುಗಿಸಿ ಅಡ್ಡಾಗಿದ್ದರೆ, ಇವನು ಮಾತ್ರ ಜಗಲಿ ಮೇಲೆ ಕೂತು ಇಂಪೋಸಿಷನ್ ಬರೆಯುತ್ತಿದ್ದ. ಓ, ಯು, ಜಿ, ಎಚ್. ಈ ನಾಲ್ಕು ಅಕ್ಷರ ಸಾಲಾಗಿ ಬರುವ ಪದಗಳು. ಒಂದೊಂದು ಹತ್ತು ಸಲ.

ಬರೆಯುತ್ತಾ ಜೋರಾಗಿ ಓದುತ್ತಿದ್ದ. ರಫ್. ಟಫ್. ಕಾಫ್. ಪ್ಲಫ್.

ನಮ್ಮಪ್ಪ ಎಲೆ ಅಡಿಕೆ ಹಾಕುತ್ತಾ ಅಲ್ಲೇ ಕೂತಿದ್ದರು. "ಪ್ಲಫ್ ಅಂದ್ರೆ ಏನ್ಲಾ?" ಅಂದರು.

"ನೇಗಿಲು, ತಾತ."

ನಾನು ಬಾಯಿ ಹಾಕಿದೆ. "ಪ್ಲಫ್ ಅಲ್ಲ ಕಣೋ, ಪ್ಲೌ." ಹುಡುಗ ಪೆನ್ನು ಕೆಳಗಿಟ್ಟ. "ಹಂಗಾದ್ರೆ ಟಫ್ ಯಾಕೆ ಟೌ ಅಲ್ಲ ಮಾವ?"

ನ್ಯಾಯವಾದ ಪ್ರಶ್ನೆ ಅಲ್ವಾ? ಅವನ ಪಟ್ಟಿಯನ್ನೇ ನೋಡಿ. ಅದೇ ನಾಲ್ಕು ಅಕ್ಷರ. ಒಂದು ಕಡೆ ದೋ, ಒಂದು ಕಡೆ ತ್ರೂ, ಇನ್ನೊಂದು ಕಡೆ ಥಾಟ್, ಮತ್ತೊಂದು ಕಡೆ ಕಾಫ್. ಇದನ್ನು ಹತ್ತು ಸಲ ಬರೆದರೆ ಕೈ ನೋಯುತ್ತೆ. ಯಾಕೆ ಅನ್ನೋದು ಮಾತ್ರ ಗೊತ್ತಾಗಲ್ಲ.

ಆ ಜಿ ಎಚ್ ಜೋಡಿಗೆ ಹಿಂದೆ ದನಿ ಇತ್ತು. ಗಂಟಲ ಹಿಂದಿನಿಂದ ಬರುವ ಗಡುಸು ಹ. ಈಗಲೇ ಮಾಡಿ ನೋಡಿ. 'ಕ' ಅನ್ನೋಕೆ ನಾಲಿಗೆ ಎತ್ತಿ, ಅಂಗುಳಕ್ಕೆ ತಾಗಿಸದೆ ಉಸಿರು ಬಿಡಿ. ಬಂತಲ್ಲ, ಕಫ ಕೀಳೋ ಥರದ್ದು, ಅದೇ. ಜರ್ಮನ್ನರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಇಂಗ್ಲಿಷಿನ ನೈಟ್ ಅವರ ಬಾಯಲ್ಲಿ ನಾಖ್ಟ್. ಡಾಟರ್ ಅನ್ನೋದು ಟೋಖ್ಟರ್.

ಸ್ವಲ್ಪ ನಿಲ್ಲಿ, ಇಲ್ಲೇ ಮಜಾ ಇರೋದು. ಸಂಸ್ಕೃತದಲ್ಲಿ ರಾತ್ರಿಗೆ ನಕ್ತ. ಮಗಳಿಗೆ ದುಹಿತೃ. ಆ ಪದದ ನಡುವೆ ಹ ಇದೆ ನೋಡಿ, ಇಂಗ್ಲಿಷ್ ಮಗಳ ಹೊಟ್ಟೆಯಲ್ಲಿರೋ ಜಿ ಎಚ್ ಅದರದೇ ಒಡಹುಟ್ಟು. ಏಯ್ಟ್ ಮತ್ತು ನಮ್ಮ ಅಷ್ಟಮಿಯ ಅಷ್ಟ ಕೂಡ ಒಂದೇ ಬಳ್ಳಿಯವು. ಇದನ್ನು ಹೇಳಿದಾಗ ಹುಡುಗನ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು.

ಆಮೇಲೆ ಆಗಿದ್ದು ಇಷ್ಟು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಅನ್ನೋರು ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಮಳಿಗೆ ಹಾಕಿದರು. ಅಚ್ಚಿಗೆ ಹೋದ ಬರಹ ನಿಧಾನಕ್ಕೆ ಗಟ್ಟಿಯಾಯಿತು. ಬಾಯಿ ಮಾತ್ರ ತನ್ನ ಪಾಡಿಗೆ ಬದಲಾಗುತ್ತಾ ಹೋಯಿತು. ಕೆಲವು ಪದಗಳಲ್ಲಿ ಆ ಗಡುಸು ಹ ಪೂರ್ತಿ ಬಿದ್ದುಹೋಯಿತು: ದೋ, ತ್ರೂ, ಪ್ಲೌ. ಕೆಲವದರಲ್ಲಿ ತುಟಿಗೆ ಬಂದು ಫ ಆಯಿತು: ಕಾಫ್, ಟಫ್, ಲಾಫ್. ಕಾಗದದ ಮೇಲೆ ಜಿ ಎಚ್ ಹಂಗೇ ಕೂತಿದೆ. ಸಾಲದ್ದಕ್ಕೆ ಡಿಲೈಟ್ ಅನ್ನೋ ಪದಕ್ಕೂ ತಂದು ಅಂಟಿಸಿದರು. ಅದು ಫ್ರೆಂಚಿನಿಂದ ಬಂದ ಪದ, ಅದರಲ್ಲಿ ಜಿ ಎಚ್ ಯಾವತ್ತೂ ಇರಲಿಲ್ಲ. ಲೈಟ್‌ಗೆ ಇದೆ, ಇದಕ್ಕೂ ಇರಲಿ ಅಂತ!

ಜಿ ಎಚ್ ಓ ಟಿ ಐ ಅಂತ ಬರೆದು ಫಿಶ್ ಅಂತ ಓದಿಸೋ ಜೋಕು ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ: ಟಫ್‌ನ ಜಿ ಎಚ್, ವಿಮೆನ್‌ನ ಓ, ನೇಷನ್‌ನ ಟಿ ಐ. ಬರ್ನಾರ್ಡ್ ಶಾ ಮಾಡಿದ್ದು ಅಂತ ಕೆಳಗೆ ಹಾಕಿರುತ್ತಾರೆ. ಆ ಜೋಕು 1855ರ ಒಂದು ಪತ್ರದಲ್ಲೇ ಇದೆ. ಶಾ ಹುಟ್ಟಿದ್ದೇ 1856ರಲ್ಲಿ. ಮೇಲಾಗಿ ಅದು ಮೋಸದ ಜೋಕು. ಪದದ ಮೊದಲಲ್ಲಿ ಬಂದ ಜಿ ಎಚ್ ಯಾವತ್ತೂ ಫ ಆಗಲ್ಲ. ದೆವ್ವಕ್ಕೆ ಗೋಸ್ಟ್ ಅಂತಾರೆ, ಫೋಸ್ಟ್ ಅನ್ನಲ್ಲವಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ. ನಾನು ಮೈಸೂರಿಗೆ ಓದೋಕೆ ಬಂದ ಹೊಸದರಲ್ಲಿ ಹಾಸ್ಟೆಲಿನಲ್ಲಿ ಒಂದು ಬೆಳಗ್ಗೆ "ಆಲು ಬಂತಾ?" ಅಂದೆ. "ಯಾವ ಆಲು, ಆಲೂಗಡ್ಡೆನಾ?" ಅಂತ ಒಬ್ಬ. ಇಡೀ ಊಟದ ಕೋಣೆ ನಕ್ಕಿತು. ವರ್ಷಪೂರ್ತಿ ನಾನು ಆಲೂಗಡ್ಡೆ. ಅವತ್ತಿಂದ ಹಾಲು, ಹಳ್ಳಿ, ಹೆಂಡ್ತಿ ಅನ್ನೋಕೆ ಮುಂಚೆ ಒಂದು ಕ್ಷಣ ಬಾಯಿ ತಡೆಯುತ್ತೆ. ಈಗಲೂ.

ಹ ಬಿಟ್ಟವರು ನಾವೊಬ್ಬರೇನಾ? ನೈಟ್ ಅನ್ನುವ ಪ್ರತಿಯೊಬ್ಬನೂ ಒಂದು ಹ ನುಂಗಿದ್ದಾನೆ. ಅವನು ನುಂಗಿದರೆ ಸ್ಟೈಲು, ಮಂಡ್ಯದವನು ನುಂಗಿದರೆ ಒರಟು. ಅಷ್ಟಕ್ಕೂ ಆ ಹಾಲಿನ ಹ ಏನು ಮೊದಲಿಂದ ಇದ್ದದ್ದಾ? 10ನೇ ಶತಮಾನದ ಪಂಪನ ಕನ್ನಡದಲ್ಲಿ ಅದು ಪಾಲ್. ಹುಲಿ ಪುಲಿ, ಹೂವು ಪೂ. ಪ ಸವೆದು ಹ ಆಯಿತು. ನಮ್ಮ ಕಡೆ ಆ ಹ ಕೂಡ ಸವೆಯಿತು. ನಾವು ಕೆಟ್ಟಿಲ್ಲ ಸ್ವಾಮಿ, ಒಂದು ಹೆಜ್ಜೆ ಮುಂದಿದ್ದೀವಿ ಅಷ್ಟೇ.

ಆದರೆ ಕನ್ನಡದವರು ಒಂದು ಜಾಣತನ ಮಾಡಿದರು. ಬಾಯಿ ಪಾಲು ಬಿಟ್ಟು ಹಾಲು ಹಿಡಿದಾಗ ಬರಹವನ್ನೂ ತಿದ್ದಿದರು. ೞ ಅಂತ ಒಂದು ಅಕ್ಷರ ಇತ್ತು. ಆ ದನಿ ಹೋಯಿತು, ಹಿಂದೆಯೇ ಅಕ್ಷರವೂ ಹೋಯಿತು. ಇಂಗ್ಲಿಷಿನವರು ಹಂಗೆ ಮಾಡಲಿಲ್ಲ. ಈಗ ತಿದ್ದೋಣ ಅಂದರೂ ಯಾರ ಬಾಯಿಗೆ ತಕ್ಕಂತೆ ತಿದ್ದೋದು? ಲಂಡನ್ನಿನವರದ್ದಾ, ಅಮೆರಿಕದವರದ್ದಾ? ಅಮೆರಿಕದವರು ನೇಗಿಲಿನ ಜಿ ಎಚ್ ತೆಗೆದು ಡಬ್ಲ್ಯು ಹಾಕಿಕೊಂಡಿದ್ದಾರೆ. ಟಫ್‌ನ ತಂಟೆಗೆ ಹೋಗಿಲ್ಲ.

ನಾವೂ ಜಾಸ್ತಿ ಬೀಗೋ ಹಂಗಿಲ್ಲ ಬಿಡಿ. ಬರುತ್ತಾನೆ ಅಂತ ಬರೆದು ಬತ್ತಾನೆ ಅಂತೀವಿ. ಶ, ಷ ಬೇರೆ ಬೇರೆ ಬರೆದು ಒಂದೇ ಥರ ಅಂತೀವಿ.

ಅದಕ್ಕೇ ಮೇಷ್ಟ್ರುಗಳಿಗೆ ಒಂದು ಮಾತು. ಪಟ್ಟಿ ಕೊಡಿ, ಬೇಡ ಅನ್ನಲ್ಲ. ಹ ಬಿದ್ದುಹೋದ ಪದ ಒಂದು ಕಡೆ, ಫ ಆದ ಪದ ಇನ್ನೊಂದು ಕಡೆ ಇಟ್ಟು ಕೊಡಿ. ನೈಟ್, ಡಾಟರ್ ಬಂದಾಗ ಎರಡು ನಿಮಿಷ ಕತೆ ಹೇಳಿ. ಮಗು ಪ್ಲಫ್ ಅಂದರೆ ನಗಬೇಡಿ. ರಫ್, ಟಫ್ ಕಲಿಸಿದ್ದು ನೀವೇ. ಅದರ ದಾರಿಯಲ್ಲೇ ಮಗು ಪ್ಲಫ್‌ಗೆ ಬಂದಿದೆ. ಅದರ ತಲೆ ಸರಿಯಾಗೇ ಓಡಿದೆ, ಎಡವಟ್ಟಾಗಿರೋದು ಸ್ಪೆಲಿಂಗು.

ನಮ್ಮ ಹುಡುಗ ಆಮೇಲೆ ಪಟ್ಟಿಯನ್ನು ತಾನೇ ಎರಡು ಗುಂಪು ಮಾಡಿದ. ಪ್ಲೌ ಪಕ್ಕದಲ್ಲಿ ಒಂದು ನೇಗಿಲಿನ ಚಿತ್ರ ಬರೆದು ತಾತನಿಗೆ ತೋರಿಸಿದ. ಅಪ್ಪ ಕನ್ನಡಕ ಹಾಕಿಕೊಂಡು ನೋಟ್ಸು ಹತ್ತಿರ ಹಿಡಿದರು, ದೂರ ಹಿಡಿದರು.

"ಎಲ್ಲ ಸರಿ ಕಣ್ಲಾ. ಕುಳ ಎಲ್ಲಿ? ಕುಳ ಇಲ್ದೆ ಎಂಗ್ ಉಳ್ತೀಯ?"